ಔಷಧಿಗೆ ಕೊಸರಿಲ್ಲ

ನನ್ನ ಮೊಮ್ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತು. ನಿನ್ನೆ ಬೆಳಿಗ್ಗೆ ಮೊಬೈಲಿಗೆ ಬಂತು. ಇದನ್ನು ಮೊದಲೇ ಬರೆದುಬಿಟ್ಟಿದ್ದೇನೆ, ಇಲ್ಲದಿದ್ದರೆ ಮಿಕ್ಕಿದ್ದನ್ನು ಬರೆಯುವಷ್ಟು ತಾಳ್ಮೆ ನನಗಿಲ್ಲ. ಡೈರಿಯ ಮುಂದೆ ಹಾಲು ಹಾಕಲು ನಿಂತವರಿಗೆಲ್ಲ ಹೇಳಿದೆ. ಹಾಲು ಅಳೆಯುವವನಿಗೆ ಕ್ಯಾನಿನ ಸದ್ದಿನಲ್ಲಿ ಕೇಳಿಸಲಿಲ್ಲವೆಂದು ಇನ್ನೊಂದು ಸಲ ಹೇಳಿದೆ. ಮನೆಗೆ ಬಂದು ಹಸುವಿಗೂ ಹೇಳಿದೆ. ಜಗಲಿಯ ಮೇಲೆ ಕೂತಿದ್ದ ನಮ್ಮ ಯಜಮಾನರು, ಇನ್ನು ತೋಟದ ಮರಗಳಿಗೊಂದು ಹೇಳುವುದು ಬಾಕಿ ಎಂದರು. ನಕ್ಕರೆ ನಗಲಿ. ಅವರ ಕಣ್ಣೂ ಒದ್ದೆಯಾಗಿತ್ತು, ನಾನು ನೋಡಿದೆ.

ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಬಂತು, ಲೆಕ್ಕ ಬರಲಿಲ್ಲ. ಮೊಮ್ಮಗಳು ಹಾಗಲ್ಲ, ಬಿಳಿಗೆರೆಯ ಕಡೆಯ ನಮ್ಮೂರಿನಿಂದ ದಿನಾ ಬಸ್ಸಿನಲ್ಲಿ ತಿಪಟೂರಿಗೆ ಹೋಗಿ ಪಿಯುಸಿ ಮುಗಿಸಿದವಳು. ಚಿಕ್ಕಂದಿನಿಂದಲೂ ಯಾರಿಗೆ ಗಾಯವಾದರೂ ಅವಳೇ ತೊಳೆದು ಕಟ್ಟಬೇಕು. ಆದರೆ ಲೆಕ್ಕ ಎಂದರೆ ಅವಳ ಮುಖ ಬಾಡುತ್ತಿತ್ತು. ಹೋದ ವರ್ಷ ಪ್ರವೇಶ ಪರೀಕ್ಷೆಯಲ್ಲಿ ಉಳಿದದ್ದೆಲ್ಲ ಚೆನ್ನಾಗಿಯೇ ಬರೆದಿದ್ದಳು. ಲೆಕ್ಕದಲ್ಲಿ ಕೈಬಿಟ್ಟಿತು, ಸೀಟು ಹೋಯಿತು.

ನನ್ನ ಮಗ, ಎಂದರೆ ಅವಳ ಅಪ್ಪ, ಗೂಡ್ಸ್ ಆಟೋದಲ್ಲಿ ಊರೂರಿನಿಂದ ಕಾಯಿ ತುಂಬಿಕೊಂಡು ಬರುವವನು. ಕೆಟ್ಟವನಲ್ಲ, ಮಾತು ಕಡಿಮೆ. ಇನ್ನೊಂದೇ ಒಂದು ಸಲ ಬರೆಯಲಿ, ಆಗದಿದ್ದರೆ ಗಾರ್ಮೆಂಟ್ಸ್‌ಗೆ ಹೋಗಲಿ, ಬಸ್ಸು ಕ್ರಾಸಿಗೇ ಬರುತ್ತದಲ್ಲ ಎಂದುಬಿಟ್ಟ. ಮೊಮ್ಮಗಳು ಎದುರಾಡಲಿಲ್ಲ. ಅವತ್ತಿನಿಂದ ಪುಸ್ತಕ ತೆಗೆಯುತ್ತಿದ್ದಳು, ಲೆಕ್ಕದ ಹಾಳೆ ಬಂದ ಕೂಡಲೇ ಮುಚ್ಚುತ್ತಿದ್ದಳು. ಸೊಸೆ ಒಲೆಯ ಮುಂದಿನಿಂದ ನೋಡುತ್ತಿದ್ದಳು, ನಾನು ಅಂಗಳದಿಂದ ನೋಡುತ್ತಿದ್ದೆ.

ಆಗ ಅಟ್ಟದಿಂದ ಕೊಬ್ಬರಿ ಇಳಿಸಿದ್ದ ಕಾಲ. ಮಧ್ಯಾಹ್ನ ನಾನು ಮಚ್ಚು ಹಿಡಿದು ಚಿಪ್ಪು ಒಡೆಯುತ್ತಾ ಕೂರುತ್ತಿದ್ದೆ. ಒಂದು ದಿನ ಅವಳನ್ನು ಪಕ್ಕಕ್ಕೆ ಕರೆದು, ಆ ಲೆಕ್ಕವನ್ನು ಗಟ್ಟಿಯಾಗಿ ಓದು ಎಂದೆ.

“ನಿಂಗೇನು ಅರ್ಥ ಆಯ್ತದೆ ಅಜ್ಜಿ?”

“ಆಗ್ದಿದ್ರೆ ಬುಡು. ಕೈಗೆ ಕೆಲ್ಸ ಐತೆ, ಕಿವಿ ಸುಮ್ನೆ ಕುಂತೈತೆ. ಓದು.”

ಓದಿದಳು. ಒಬ್ಬ ಹಾಲಿನವನು ನಾಲ್ಕು ಪಾಲು ಹಾಲಿಗೆ ಒಂದು ಪಾಲು ನೀರು ಬೆರೆಸುತ್ತಾನಂತೆ. ನಾನು ಮಚ್ಚು ಕೆಳಗಿಟ್ಟೆ. ಅಷ್ಟು ನೀರು ಹಾಕಿದ ಹಾಲನ್ನು ಯಾವ ಡೈರಿಯಲ್ಲಿ ತೆಗೆದುಕೊಳ್ಳುತ್ತಾರೆ, ನಮ್ಮೂರಲ್ಲಾದರೆ ಕ್ಯಾನು ಸಮೇತ ವಾಪಸ್ಸು ಕಳಿಸುತ್ತಾರೆ ಎಂದೆ. ಅವಳು ನಗುತ್ತಾ ಪುಸ್ತಕದ ಮೇಲೇ ಮುಖವಿಟ್ಟಳು. ನಕ್ಕ ಮೇಲೆ ಆ ಲೆಕ್ಕ ಮಾಡಿದಳು. ನನಗೆ ಅಷ್ಟೇ ಬೇಕಿತ್ತು.

ಅಂದಿನಿಂದ ದಿನಾ ಓದು, ದಿನಾ ನನ್ನ ತಕರಾರು. ನನಗೆ ತಿಳಿಯುವವರೆಗೂ ಅವಳು ಬಿಡಿಸಿ ಹೇಳಬೇಕು. ಹೇಳಲು ಹೋಗಿ ಅವಳೇ ತಪ್ಪು ಹಿಡಿದುಕೊಳ್ಳುತ್ತಿದ್ದಳು. ಯಜಮಾನರು ಎಲೆಅಡಿಕೆ ಹಾಕಿಕೊಳ್ಳುತ್ತಾ ಚುಚ್ಚುತ್ತಿದ್ದರು: “ಅವ್ಳಿಗೆ ಸೀಟು ಸಿಕ್ತದೋ ಇಲ್ವೋ, ನಿಂಗಂತೂ ಸಿಕ್ಕಲ್ಲ ಕಣೇ.”

ಹೀಗಿರುವಾಗ ಔಷಧಿಯ ಲೆಕ್ಕ ಬಂತು. ಮಗುವಿನ ತೂಕ ಹನ್ನೆರಡೂವರೆ ಕೆಜಿ. ಒಂದು ಕೆಜಿಗೆ ಹತ್ತು ಮಿಲಿಗ್ರಾಂ ಔಷಧಿ ಕೊಡಬೇಕು. ಬಾಟಲಿಯಲ್ಲಿ ಐದು ಎಂಎಲ್‌ಗೆ ನೂರು ಮಿಲಿಗ್ರಾಂ ಇದೆ. ಹಾಗಾದರೆ ಎಷ್ಟು ಎಂಎಲ್? ಅವಳು ಏನೇನೋ ಗೀಚಿ, ಕೆಳಗೆ ಕೊಟ್ಟಿದ್ದ ಉತ್ತರಗಳಲ್ಲಿ ಆರೂವರೆಗೆ ಗುರುತು ಹಾಕಿದಳು.

ನಾನು ಸುಮ್ಮನಿರಬೇಕಲ್ಲ. ಏಳೇ ಹಾಕಿಬಿಡು, ಪಾಪ ಮಗು, ಬೇಗ ವಾಸಿಯಾಗಲಿ ಎಂದೆ. ನಮ್ಮ ಮನೆಯ ಕೈ ಹಾಗೇ. ಪಕ್ಕದ ಮನೆಗೆ ಅರ್ಧ ಲೀಟರ್ ಹಾಲು ಅಳೆದ ಮೇಲೆ ಒಂದು ಚೂರು ಸುರಿಯದಿದ್ದರೆ ನನಗೆ ಸಮಾಧಾನವಿಲ್ಲ. ಕಾಯಿ ಎಣಿಸಿ ಕೊಟ್ಟ ಮೇಲೂ ಒಂದೆರಡು ಎಸೆಯುತ್ತೇವೆ. ಅದಕ್ಕೆ ಕೊಸರು ಎನ್ನುತ್ತೇವೆ. ಅವಳು ಅದನ್ನು ನೋಡಿಕೊಂಡೇ ಬೆಳೆದವಳು.

“ಔಷಧಿಗೆ ಕೊಸರು ಹಾಕಂಗಿಲ್ಲ ಕಣಜ್ಜಿ. ಎಷ್ಟು ಬತ್ತದೋ ಅಷ್ಟೇ. ಒಂಚೂರು ಜಾಸ್ತಿ ಆದ್ರೂ ಮಗೂಗೆ...”

ಅಲ್ಲಿಗೇ ನಿಲ್ಲಿಸಿದಳು. ಹಾಳೆಯನ್ನು ನೋಡಿದಳು. ಅವಳು ಮಾಡಿದ ಲೆಕ್ಕದಲ್ಲಿ ಆರೂಕಾಲು ಬಂದಿತ್ತಂತೆ. ಗುರುತು ಹಾಕಿದ್ದು ಮಾತ್ರ ಆರೂವರೆಗೆ. ಹಿಂದಿನ ಹಾಳೆಗಳನ್ನು ತಿರುವಿ ತಿರುವಿ ನೋಡಿದಳು. ಪಾಯಿಂಟ್ ಬಂದ ಕಡೆಯೆಲ್ಲ ಹೆದರಿಕೊಂಡು, ಹತ್ತಿರದ ದೊಡ್ಡ ಸಂಖ್ಯೆಯನ್ನೇ ಹಿಡಿದಿದ್ದಳು.

“ನಾನೂ ಕೊಸರು ಹಾಕ್ತಾ ಬಂದಿವ್ನಿ ಅಜ್ಜಿ,” ಎಂದು ನಗಲೋ ಅಳಲೋ ತಿಳಿಯದವಳ ಹಾಗೆ ನನ್ನ ಮುಖ ನೋಡಿದಳು.

ಮಾರನೆಯ ದಿನ ಕೆಮ್ಮಿನ ಔಷಧಿಯ ಬಾಟಲಿಗೆ ಬರುವ, ಗೆರೆ ಹಾಕಿದ ಪ್ಲಾಸ್ಟಿಕ್ ಮುಚ್ಚಳವೊಂದನ್ನು ಹುಡುಕಿ ತಂದಳು. ಐದರ ಗೆರೆಗೆ ನೀರು ಹಿಡಿ ಅಜ್ಜಿ ಎಂದಳು. ನಾನು ಸುರಿದರೆ ಗೆರೆ ಮುಳುಗುತ್ತಿತ್ತು. ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿ, ನಿಧಾನ, ಸಾಕು, ಸಾಕು ಎಂದು ಗದರುತ್ತಿದ್ದಳು. ಆ ಗದರಿಕೆ ಕೇಳಿ ನನಗೆ ಎಂಥಾ ಸುಖ. ಎದುರಿಗೆ ಆಗಲೇ ನರ್ಸಮ್ಮನೇ ನಿಂತಂತಿತ್ತು. ಆಮೇಲಾಮೇಲೆ ಅವಳು ಪಾಯಿಂಟ್ ಲೆಕ್ಕಗಳನ್ನೇ ಹುಡುಕಿ ಹುಡುಕಿ ಮಾಡತೊಡಗಿದಳು. ಪುಸ್ತಕ ಮುಚ್ಚುವುದು ನಿಂತಿತು.

ಪರೀಕ್ಷೆಗೆ ತುಮಕೂರಿಗೆ ನಾನೇ ಜೊತೆಗೆ ಹೋದೆ. ತಿಪಟೂರಿನಲ್ಲಿ ರೈಲು ಹತ್ತಿದೆವು. ಅವಳು ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತಿದ್ದಳು, ನಾನು ಅವಳನ್ನು ನೋಡುತ್ತಿದ್ದೆ. ಅವಳು ಒಳಗೆ ಹೋದ ಮೇಲೆ ಹೊರಗಡೆ ಹೊಂಗೆ ಮರದ ಕೆಳಗೆ ಕೂತೆ. ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ. ನನ್ನ ಹಾಗೇ ಕಾಯುತ್ತಿದ್ದ ಒಬ್ಬರು ಮಾತಾಡಿಸಿದರು, ಏನು ಹೇಳಿದೆನೋ ನೆನಪಿಲ್ಲ. ಗಾರ್ಮೆಂಟ್ಸ್ ಬಸ್ಸು ನಮ್ಮ ಕ್ರಾಸಿನಲ್ಲಿ ನಿಂತ ಹಾಗೆ, ಇವಳು ತಲೆ ತಗ್ಗಿಸಿ ಹತ್ತಿದ ಹಾಗೆ ಕಣ್ಣ ಮುಂದೆ ಬರುತ್ತಿತ್ತು. ಆ ಕೆಲಸ ಕೀಳೆಂದಲ್ಲ. ಊರಿನ ಎಷ್ಟೋ ಹೆಣ್ಣುಮಕ್ಕಳು ಹೋಗಿ ಮನೆ ನಡೆಸುತ್ತಿದ್ದಾರೆ. ಇವಳ ಮನಸ್ಸು ಅಲ್ಲಿರಲಿಲ್ಲ, ಅಷ್ಟೇ.

ಹೊರಗೆ ಬಂದಾಗ ಏನನ್ನೂ ಕೇಳಬಾರದೆಂದು ನಾಲಿಗೆ ಕಚ್ಚಿಕೊಂಡಿದ್ದೆ. ಅವಳೇ ಹೇಳಿದಳು.

“ಪಾಯಿಂಟ್ ಲೆಕ್ಕ ಬಂದಿತ್ತು ಅಜ್ಜಿ.”

“ಏನ್ ಮಾಡ್ದೆ?”

“ಎಷ್ಟು ಬಂತೋ ಅಷ್ಟೇ ಹಾಕ್ದೆ.”

ಅಲ್ಲೇ ಮರದ ಕೆಳಗೆ ಇಬ್ಬರೂ ಬುತ್ತಿ ಬಿಚ್ಚಿದೆವು.

ನಿನ್ನೆ ಬೆಳಿಗ್ಗೆ ಮೊಬೈಲಿಗೆ ಸುದ್ದಿ ಬಂದಾಗ ನನ್ನ ಮಗ ಆಟೋಗೆ ಕಾಯಿ ತುಂಬುತ್ತಿದ್ದ. ಮೊಮ್ಮಗಳು ಓಡಿ ಹೋಗಿ ಮೊಬೈಲು ಮುಂದೆ ಹಿಡಿದಳು. ಅವನು ತೊಟ್ಟಿಯ ಹತ್ತಿರ ಹೋಗಿ ಕೈ ತೊಳೆದು, ಟವೆಲಿನಲ್ಲಿ ಒರೆಸಿಕೊಂಡು ಬಂದ. ಆಮೇಲೆ ಅದನ್ನು ಕೈಗೆ ತೆಗೆದುಕೊಂಡ. ಬಹಳ ಹೊತ್ತು ನೋಡಿ, ಮಗಳ ತಲೆಯ ಮೇಲೆ ಕೈಯಿಟ್ಟು, “ಹಾಸ್ಟೆಲ್‌ಗೆ ಒಂದು ಟ್ರಂಕ್ ಬೇಕಲ್ಲವ್ವ” ಎಂದ. ಇಷ್ಟೇ ಹೇಳಿದ್ದು. ಸೊಸೆ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಂಜೆ ಒತ್ತು ಶಾವಿಗೆ ಮಾಡಿದೆವು. ಸೊಸೆ ಬಿಸಿ ಉಂಡೆ ತೆಗೆದುಕೊಡುವುದು, ಯಜಮಾನರೂ ಮಗನೂ ಸೇರಿ ಒತ್ತುವುದು, ನಾನು ತಟ್ಟೆ ಹಿಡಿಯುವುದು. ಕಾಯಿಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಕದಡಿದ್ದು ಮೊಮ್ಮಗಳು. ಬೇರೆ ದಿನ ಮಗ ಮೊದಲು ಉಂಡು ಆಟೋ ತೊಳೆಯಲು ಎದ್ದುಹೋಗುತ್ತಾನೆ, ನಾವು ಹೆಂಗಸರು ಆಮೇಲೆ. ನಿನ್ನೆ ಅವನು ತಟ್ಟೆ ಮುಂದಿಟ್ಟುಕೊಂಡು ಎಲ್ಲರೂ ಕೂರುವ ತನಕ ಕಾದ. ಕೂತ ಮೇಲೆ, ಅದೇನೋ ಬಂದಿತ್ತಲ್ಲ, ಇನ್ನೊಂದು ಸಲ ಓದು ಎಂದ. ಅವಳು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದಳು. ಸ್ವಲ್ಪ ಹೊತ್ತಿಗೆ ಯಜಮಾನರು ತಮಗೆ ಸರಿಯಾಗಿ ಕೇಳಿಸಲಿಲ್ಲ ಎಂದರು. ಮತ್ತೆ ಓದಿದಳು. ಶಾವಿಗೆ ಆರುತ್ತಿತ್ತು, ಯಾರಿಗೂ ಅವಸರವಿರಲಿಲ್ಲ. ಐದೂ ಜನ ಒಂದೇ ಸಾಲಿಗೆ ಕೂತು, ಕೇಳುತ್ತಾ ಕೇಳುತ್ತಾ ಉಂಡೆವು.