ಮೊದಲ ಲೋಟ ಕಟ್ಟು

ಹುಚ್ಚೆಳ್ಳು ಹುರಿಯುವ ವಾಸನೆ ನಿಮಗೆ ಗೊತ್ತೇ? ಗೊತ್ತಿದ್ದರೆ ಅದು ಸೀದ ವಾಸನೆಯೂ ಗೊತ್ತಿರಬೇಕು. ಎರಡರ ನಡುವೆ ಒಮ್ಮೆ ಸೀನುವಷ್ಟೇ ಬಿಡುವು. ಬಾಬುರಾಯನಕೊಪ್ಪಲಿನ ನಮ್ಮ ಅಡುಗೆಮನೆಯಲ್ಲಿ ಮೊನ್ನೆ ನಾನು ಸೀನಿದೆ. ಬಾಣಲೆಯಿಂದ ಹೊಗೆ ಎದ್ದಿತು.

"ಅದೇನ್ರೀ ಅದು, ಮನೆಗೆ ಬೆಂಕಿ ಇಕ್ಬುಟ್ರಾ?" ಎಂದು ಕೋಣೆಯಲ್ಲಿ ಮಲಗಿದ್ದ ನನ್ನ ಹೆಂಡತಿ ಜಯ ಕೂಗಿದಳು.

ಈ ವಯಸ್ಸಿನಲ್ಲಿ ನಾನು ಸೌಟು ಹಿಡಿದದ್ದು ಶೋಕಿಗಲ್ಲ. ಜಯಳಿಗೆ ಗರ್ಭಕೋಶದ ಆಪರೇಷನ್ ಆಗಬೇಕಿದೆ. ರಕ್ತ ತೀರಾ ಕಡಿಮೆ, ಅದು ಏರುವವರೆಗೆ ಕೈ ಹಾಕುವುದಿಲ್ಲ ಎಂದರು ಡಾಕ್ಟರು. ಮಾತ್ರೆ ಬರೆದುಕೊಟ್ಟು, ಜೊತೆಗೆ ಸೊಪ್ಪು, ಕಾಳು, ಎಳ್ಳು ದಿನಾ ಊಟದಲ್ಲಿರಲಿ ಎಂದರು. ಅವಳಿಗೋ ನಾಲ್ಕು ಹೆಜ್ಜೆ ಇಟ್ಟರೆ ತಲೆಸುತ್ತು. ನನಗೆ ಭಯವಾಗಿತ್ತು, ಸುಳ್ಳೇಕೆ ಹೇಳಲಿ? ಭಯವಾದಾಗ ಗಂಡಸರು ಏನನ್ನಾದರೂ ಕೊಳ್ಳುತ್ತಾರೆ. ನಾನು ಮೈಸೂರಿನಿಂದ ಹೆಸರೇ ತಿಳಿಯದ ಬೀಜಗಳ ಪೊಟ್ಟಣ ಹೊತ್ತು ತಂದೆ. ಜಯ ಮೂಸಿ ನೋಡಿ, "ನಮ್ಮ ನಾಗಮಂಗಲದ ಕಡೆ ಹುಚ್ಚೆಳ್ಳಿಲ್ದಿರೋ ಮನೆ ಇಲ್ಲ. ಇದ್ನ ಯಾವ ಗಿಳಿಗೆ ತಂದ್ರಿ?" ಎಂದಳು. ಹಾಗಾಗಿ ಹುಚ್ಚೆಳ್ಳು, ಹಾಗಾಗಿ ಹೊಗೆ.

ಹುಚ್ಚೆಳ್ಳಿನ ಚಟ್ನಿಪುಡಿ ಹೀಗೆ ಕೈಕೊಟ್ಟ ಮೇಲೆ ಉಪ್ಪೆಸರಿಗೆ ಇಳಿದೆ. ನುಗ್ಗೆಸೊಪ್ಪು, ಕೀರೆಸೊಪ್ಪು, ಹೆಸರುಕಾಳನ್ನು ಉಪ್ಪು ಹಾಕಿ ಬೇಯಿಸಿ, ತಟ್ಟೆ ಮುಚ್ಚಿ ಬಸಿದೆ. ಹಸಿರು ನೀರು ಸಿಂಕಿನಲ್ಲಿ ಗುಳುಗುಳು ಎಂದು ಹೋಯಿತು. ಉಳಿದ ಸೊಪ್ಪನ್ನು ಹೆಮ್ಮೆಯಿಂದ ಒಯ್ದು ತೋರಿಸಿದೆ.

"ಕಟ್ಟೆಲ್ಲಿ?" ಎಂದಳು.

"ಯಾವ ಕಟ್ಟು?"

"ಅಯ್ಯೋ ಶಿವನೇ! ಬಸ್ದಿದ್ ನೀರು ಕಣ್ರೀ. ಸಾರ್ನೇ ಚೆಲ್ಬುಟ್ಟು ಬಂದವ್ರಲ್ಲ!" ಎಷ್ಟೋ ದಿನಗಳ ಮೇಲೆ ಅವಳು ನಕ್ಕಳು, ಕೆಮ್ಮು ಬರುವಷ್ಟು ನಕ್ಕಳು.

ನೋಡಿ, ಉಪ್ಪೆಸರು ಉಂಡೇ ಬೆಳೆದ ಮೈ ಇದು. ಆದರೆ ಅದು ತಾನಾಗಿ ನಡುಮನೆಗೆ ಬರುತ್ತಿತ್ತು; ಎಲ್ಲಿಂದ ಬರುತ್ತದೆಂದು ಎದ್ದು ಹೋಗಿ ನೋಡಿದವನಲ್ಲ ನಾನು.

ನಾನು ಹುಟ್ಟಿ ಬೆಳೆದ ಚಿನಕುರಳಿಯಲ್ಲಿ ಆಗ ನಮ್ಮದು ಕೂಡು ಕುಟುಂಬ. ಅಡುಗೆಮನೆ ನನ್ನ ದೊಡ್ಡಪ್ಪನ ಹೆಂಡತಿ ದೊಡ್ಡವ್ವನದು. ರಾಗಿಹೊಲದ ಕಳೆ ಕೀಳಲು ಹೋದವಳು ಮಡಿಲ ತುಂಬ ಅಣ್ಣೆ, ಗಣಿಕೆ, ಕೀರೆ ಸೊಪ್ಪು ತರುತ್ತಿದ್ದಳು. ಬಸಿದ ಕಟ್ಟಿನ ಮೊದಲ ಲೋಟ ಮನೆಯಲ್ಲಿ ಸೋತಿರುವ ಹೆಂಗಸಿಗೆ ಎಂಬುದು ಅವಳ ಕಟ್ಟಳೆ. ಬಸುರಿ, ಬಾಣಂತಿ, ಜ್ವರ ಬಿಟ್ಟು ಎದ್ದವಳು, ಯಾರಾದರೂ ಸರಿ. ಗಂಡಸರ ತಟ್ಟೆಗೆ ಮುದ್ದೆ ಬೀಳುವುದು ಆಮೇಲೆ.

ತಂಗಿ ಹುಟ್ಟಿದಾಗ ನಮ್ಮವ್ವ ಗೋಡೆ ಹಿಡಿದು ನಡೆಯುತ್ತಿದ್ದಳು. ಬೆಳ್ಳುಳ್ಳಿ ಜಜ್ಜಿ ಹಾಕಿದ ಆ ಬಿಸಿ ಲೋಟಕ್ಕೆ ನಾನು ಕೈ ಚಾಚಿದರೆ ದೊಡ್ಡವ್ವ ಸೌಟಿನಿಂದಲೇ ಕೈಗೆ ತಟ್ಟುತ್ತಿದ್ದಳು.

"ಅದು ನಿಂಗಲ್ಲ ಕಣ್ಲಾ, ನಿಮ್ಮವ್ವಂಗೆ. ಸುಮ್ಕೆ ಕುಂತ್ಕೊ."

ಊರ ನ್ಯಾಯ ಹೇಳುತ್ತಿದ್ದ ದೊಡ್ಡಪ್ಪ ಕೂಡ, ಅವ್ವ ಕುಡಿದು ಲೋಟ ಬೋರಲು ಹಾಕುವವರೆಗೆ, ಖಾಲಿ ತಟ್ಟೆಯ ಮುಂದೆ ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದ. ಸೊಪ್ಪಿನ ಸತ್ವ ಒಂದಷ್ಟು ಬೆಂದ ನೀರಿಗೆ ಇಳಿಯುತ್ತದೆಂದು ಈಗ ಎಲ್ಲರೂ ಹೇಳುತ್ತಾರೆ, ನಿಜವೇ ಇರಬೇಕು. ಅವ್ವ ಗೋಡೆ ಬಿಟ್ಟು ನಡೆದದ್ದನ್ನಂತೂ ನಾನು ಕಣ್ಣಾರೆ ಕಂಡಿದ್ದೇನೆ.

ಮಾರನೆಯ ದಿನ ಸಿಂಕಿನಲ್ಲಿ ಮೊದಲೊಂದು ಪಾತ್ರೆ ಇಟ್ಟು ಬಸಿದೆ. ಬೆಳ್ಳುಳ್ಳಿ ಜಜ್ಜಿ ಹಾಕಿ, ಲೋಟ ತುಂಬಿಸಿ, ಪಂಚೆಯ ತುದಿಯಲ್ಲಿ ಹಿಡಿದು ಒಯ್ದೆ. ಜಯ ಎದ್ದು ಕುಳಿತು ಒಂದು ಗುಟುಕು ಕುಡಿದಳು.

"ಉಪ್ಪು ವಸಿ ಮುಂದಾಯ್ತು" ಎಂದಳು. ಆದರೂ ಕುಡಿಯುವುದನ್ನು ನಿಲ್ಲಿಸಲಿಲ್ಲ. ಅರ್ಧವಾದಾಗ, ಮದುವೆಯಾದಾಗಿನಿಂದ ಒಳ್ಳೆಯದನ್ನೆಲ್ಲ ಚಾಚಿದ ಹಾಗೆಯೇ, ಲೋಟವನ್ನು ನನ್ನತ್ತ ಚಾಚಿದಳು.

"ನೀವೂ ಉಂಡಿಲ್ಲ. ಮಿಕ್ಕಿದ್ದು ನೀವು ಕುಡೀರಿ."

ಬಾಯಲ್ಲಿ ನೀರೂರಿದ್ದು ನಿಜ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಅದು ನಂಗಲ್ಲ ಕಣೇ, ನಿಂಗೆ" ಎಂದೆ.

ಅವಳು ಲೋಟ ಬೋರಲು ಹಾಕುವವರೆಗೆ ಅಲ್ಲೇ ನಿಂತಿದ್ದೆ.