ಹವಳದ ಗೋಡೆ ನೋಡಿ ಬಂದವನು

ಮೊಮ್ಮಗನಿಗೆ ಈಜುವ ಕನ್ನಡಕ ಕೊಡಿಸಲೆಂದು ನವಿ ಮುಂಬಯಿಯ ಸೀವುಡ್ಸ್‌ನ ಅಂಗಡಿಯೊಂದಕ್ಕೆ ಹೋಗಿದ್ದೆ. ಹುಡುಗ ಡಬ್ಬಿ ಬಿಚ್ಚಿದವನೇ ಅದನ್ನು ನನ್ನ ಮೂಗಿಗೆ ಹಿಡಿದ. ಹೊಸ ರಬ್ಬರಿನ ವಾಸನೆ... ನಿಂತಲ್ಲೇ ನನ್ನ ಮುಖ ಬಿಸಿಯಾಯಿತು. ಅಷ್ಟು ತಂಪಾದ ಅಂಗಡಿಯಲ್ಲಿ ಬೆವರಿದೆ. ಈ ವಯಸ್ಸಿನಲ್ಲಿ ಒಂದು ವಾಸನೆಗೆ ನಾಚಿಕೆಪಡುತ್ತೇನೆ ಅಂದರೆ ಯಾರು ನಂಬುತ್ತಾರೆ?

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ವಿಜಾಪುರ ಕಡೆಯವನಾದ ನಾನು ಆಗ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಒಂಟಿ ಖೋಲಿಗಳ ಸಾಲಿನ ಒಂದು ಚಾಳಿನಲ್ಲಿದ್ದೆ. ಗೋಡೆಯಾಚೆಯ ಖೋಲಿಯಲ್ಲಿ ಅಂಕೋಲಾ ಕಡೆಯ ಒಬ್ಬರು, ಅವರ ಹೆಂಡತಿ, ಒಬ್ಬಳೇ ಮಗಳು. ಅವರನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಇಬ್ಬರೂ ಒಬ್ಬನೇ ಗುತ್ತಿಗೆದಾರನ ಹತ್ತಿರ ಡೈವರ್‌ಗಳು. ಬಾವಿಯಲ್ಲಿ ಈಜು ಕಲಿತ ನನ್ನನ್ನು ಈ ಕೆಲಸಕ್ಕೆ ಎಳೆದು ತಂದವರೂ ಅವರೇ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಠಾಣೆ ಖಾಡಿಯ, ಅಂದರೆ ಊರೊಳಗೆ ನುಗ್ಗಿದ ಸಮುದ್ರದ ಹಿನ್ನೀರಿನ, ಕೆಸರಿಗೆ ಇಳಿಯುವುದು, ಸೇತುವೆಯ ಕಂಬ ತಡವಿ ಬಿರುಕು ಹುಡುಕುವುದು, ಕಾರ್ಖಾನೆಯ ಕೊಳವೆಯ ಬಾಯಿಗೆ ಸಿಕ್ಕ ಕಸ ಕಿತ್ತು ತೆಗೆಯುವುದು, ಇದೇ ನಮ್ಮ ಕಸುಬು.

ಖಾಡಿಯ ನೀರೆಂದರೆ ಕಾಡಿಗೆ. ಕಣ್ಣ ಮುಂದೆ ಹಿಡಿದ ಸ್ವಂತ ಕೈ ಕಾಣದು. ನನಗೆ ಮೊದಮೊದಲು ಉಸಿರು ಕಟ್ಟುತ್ತಿತ್ತು. ಅಣ್ಣ ಮಾತ್ರ ಅಲ್ಲಿ ರಾಜ. "ಕೆಳಗೆ ಕಣ್ಣು ಎಂತಕ್ಕೆ ಮಾರಾಯ? ದಂಡೆ ಮೇಲೆ ಇಟ್ಟು ಹೋದ್ರೂ ನಡೀತದೆ" ಎಂದು ನಗುತ್ತಿದ್ದರು. ಬೆರಳಿನಲ್ಲೇ ಎಲ್ಲ ನೋಡುತ್ತಿದ್ದರು.

ಆದರೆ ಎಷ್ಟು ಸೋಪು ತಿಕ್ಕಿದರೂ ಆ ಕೆಸರಿನ ನಾತ ಮೈ ಬಿಡುತ್ತಿರಲಿಲ್ಲ. ಶಾಲೆಯಲ್ಲಿ ಅಣ್ಣನ ಮಗಳನ್ನು ಉಳಿದ ಮಕ್ಕಳು "ಗಟಾರವಾಲೇ ಕೀ ಬೇಟಿ", ಗಟಾರದವನ ಮಗಳು, ಎಂದು ಕಾಡುತ್ತಿದ್ದರು. ಒಂದು ದಿನ ಕೆಲಸ ಬೇಗ ಮುಗಿಯಿತೆಂದು ಅಣ್ಣ ಅವಳನ್ನು ಕರೆತರಲು ಶಾಲೆಯ ಬಾಗಿಲಿಗೆ ಹೋದರು. ಹುಡುಗಿ ಅಪ್ಪನನ್ನು ಕಂಡೂ ಕಾಣದವಳ ಹಾಗೆ ಗೆಳತಿಯರ ಜೊತೆ ದಾಟಿ ಹೋದಳಂತೆ. ಅಂದು ಅಣ್ಣ ಊಟ ಮಾಡಲಿಲ್ಲ. ಚಾಳಿನ ಗೋಡೆ ತೆಳುವು, ನನಗೆ ಎಲ್ಲ ಕೇಳಿಸುತ್ತಿತ್ತು.

ಅಂಥದರಲ್ಲಿ ಲಕ್ಷದ್ವೀಪದ ಕೆಲಸ ಬಂತು. ಯಾರದೋ ದೋಣಿಯ ಲಂಗರು ಸರಪಳಿ ಸಮೇತ ಕಳಚಿ, ಹವಳದ ದಿಬ್ಬದ ಅಂಚಿನಿಂದ ಕೆಳಗೆ ಜಾರಿ ಸಿಕ್ಕಿಕೊಂಡಿತ್ತು. ಅದನ್ನು ತೆಗೆದುಕೊಡಬೇಕಿತ್ತು. ಆ ಕೆಲಸಕ್ಕೆಂದೇ ಗುತ್ತಿಗೆದಾರ ನಮ್ಮಿಬ್ಬರಿಗೂ ರಬ್ಬರಿನ ವಾಸನೆ ಇನ್ನೂ ಆರದ ಹೊಸ ಮಾಸ್ಕು ಕೊಡಿಸಿದ್ದ. ಹೊರಡುವ ದಿನ ಅಣ್ಣ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, "ಅಲ್ಲಿ ನೀರು ಗಾಜಿನ ಹಾಗೆ ಇರ್ತದಂತೆ ಪುಟ್ಟಿ. ಎಲ್ಲ ನೋಡ್ಕಂಡು ಬಂದು ನಿಂಗೆ ಹೇಳ್ತೆ. ನಿನ್ನ ಶಾಲೆಯವ್ರಿಗೆ ನೀನು ಹೇಳು" ಎಂದರು. ಬಹಳ ದಿನಗಳ ಮೇಲೆ ಹುಡುಗಿ ಅಪ್ಪನ ಕೊರಳಿಗೆ ಬಿದ್ದಳು.

ದಿಬ್ಬದ ನೆತ್ತಿಯ ಮೇಲೆ ಆಳವಿರಲಿಲ್ಲ. ಮರಳು, ಹವಳ, ಮೇಲೆ ನಿಂತ ನಮ್ಮ ದೋಣಿಯ ನೆರಳು, ಎಲ್ಲ ನಿಚ್ಚಳ. ಸರಪಳಿಯ ಜಾಡು ಹಿಡಿದು ಅಂಚಿಗೆ ಬಂದೆವು. ಅಲ್ಲಿ ನೆಲ ಮುಗಿದೇಹೋಗಿತ್ತು. ಹವಳದ ಗೋಡೆ ನೆಟ್ಟಗೆ ಕೆಳಗಿಳಿದಿತ್ತು. ಮೊದಲು ತಿಳಿನೀಲಿ, ಅದರ ಕೆಳಗೆ ಕಡುನೀಲಿ, ಅದರ ಕೆಳಗೆ...

ಅಣ್ಣ ಬಗ್ಗಿ ನೋಡಿದರು. ಮರುಕ್ಷಣ ಅವರ ಉಸಿರಿನ ಗುಳ್ಳೆಗಳು ಬಿಡುವಿಲ್ಲದೆ ಮೇಲೇರತೊಡಗಿದವು. ನನ್ನ ಮಣಿಕಟ್ಟು ಹಿಡಿದರು, ಬಿಡಲೊಲ್ಲರು. ಹತ್ತಿರ ಹೋಗಿ ಅವರ ಮಾಸ್ಕಿನ ಗಾಜಿನೊಳಗೆ ನೋಡಿದೆ. ಕಹಿ ಔಷಧ ಕುಡಿಯುವ ಮಗುವಿನ ಹಾಗೆ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಖಾಡಿಯ ರಾಜ! ಹಿರಿಯರೊಬ್ಬರನ್ನು ನೋಡಬಾರದ ಸ್ಥಿತಿಯಲ್ಲಿ ನೋಡಿದಂತಾಗಿ ನನಗೆ ನಾಚಿಕೆಯಾಯಿತು. ಅವರ ಇನ್ನೊಂದು ಕೈಯನ್ನು ತಂದು ಸರಪಳಿಯ ಮೇಲಿಟ್ಟೆ. ಕೈಗೆ ಕಬ್ಬಿಣ ಸಿಕ್ಕಿದ್ದೇ ತಡ, ಉಸಿರು ಹದಕ್ಕೆ ಬಂತು. ಹಾಗೇ ಕಣ್ಣು ಮುಚ್ಚಿಕೊಂಡು ಇಳಿದರು, ತಡವುತ್ತಲೇ ಲಂಗರಿಗೆ ಹಗ್ಗ ಬಿಗಿದರು, ಬಿಗಿದವರೇ ಮತ್ತೆ ನನ್ನ ಕೈ ಹುಡುಕಿ ಹಿಡಿದರು. ಕಣ್ಣು ತೆರೆದದ್ದು ದೋಣಿಗೆ ಹತ್ತಿದ ಮೇಲೆಯೇ.

ಅಣ್ಣ ಮಾಸ್ಕು ಕಳಚಿ ಮುಖ ಒರೆಸಿಕೊಂಡರು. ಆಮೇಲೆ, "ಇಷ್ಟು ವರ್ಷ ಇಳಿದೆ. ಆಳ ಅಂದ್ರೆ ಎಂತದು ಅಂತ್ಲೇ ಗೊತ್ತಿರ್ಲಿಲ್ಲ ಮಾರಾಯ, ಕಂಡ್ರೆ ಅಲ್ವಾ ಗೊತ್ತಾಗೂದು" ಎಂದರು. ಮತ್ತೆ, ನನ್ನ ಮುಖ ನೋಡದೆ, "ಹುಡುಗಿಗೆ ಎಂತ ಹೇಳೂದು? ನೀ ನೋಡಿದ್ದು ಹೇಳು. ಬಾಯಿಪಾಠ ಮಾಡ್ಕಳ್ತೆ" ಎಂದರು.

ಹೇಳಿದೆ. ಗಿಳಿಯ ಬಣ್ಣದ ಮೀನು, ಬೀಸಣಿಗೆಯಂಥ ಕೆಂಪು ಹವಳ, ನಮ್ಮ ಮಗ್ಗುಲಲ್ಲೇ ಹಾದುಹೋದ ಮುದಿ ಆಮೆ. ಕೊಚ್ಚಿಯಿಂದ ಹೊರಟ ರೈಲಿನಲ್ಲಿ ಅಣ್ಣ ತುಟಿ ಅಲ್ಲಾಡಿಸುತ್ತ ಅದನ್ನೆಲ್ಲ ಉರು ಹೊಡೆದರು. ಡೊಂಬಿವಲಿ ಮುಟ್ಟಿದ ಮೇಲೆ ಮಗಳಿಗೆ ಹೇಳಿದರು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಮೇಲೆ ಅವಳೇ ಅಪ್ಪನನ್ನು ಬಾಗಿಲವರೆಗೆ ಎಳೆದುಕೊಂಡು ಹೋಗಿ, ಗೆಳತಿಯರಿಗೆಲ್ಲ ಬೆರಳು ಮಾಡಿ ತೋರಿಸಿದಳು. ಅಣ್ಣ ಅಂದು ಇಡೀ ಚಾಳಿಗೆ ಪೇಢೆ ಹಂಚುವುದೊಂದು ಬಾಕಿ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಿತ್ತು. ಆ ವರ್ಷ ಚಾಳಿನ ಗಣಪತಿಯ ಮುಂದೆ ಅಣ್ಣ ಸಮುದ್ರದ ಕತೆ ಹೇಳಬೇಕೆಂದು ಉತ್ಸವ ಮಂಡಳದವರು ಹಟ ಹಿಡಿದರು. ಮಗಳು ಮುಂದಿನ ಸಾಲಿನಲ್ಲಿ, ಜರಿಯಂಚಿನ ಪರಕಾರ ಉಟ್ಟು. ಅಣ್ಣ ತಮ್ಮ ಮುಂಬಯಿ ಹಿಂದಿಯಲ್ಲಿ ಚೆನ್ನಾಗಿಯೇ ಹೇಳಿದರು. ಮೀನು ಬಂತು, ಹವಳ ಬಂತು, ಆಮೆಯೂ ಬಂತು. ಎಲ್ಲ ಮುಗಿದು ಚಪ್ಪಾಳೆ ಬೀಳುವಾಗ ಒಂದು ಪುಟ್ಟ ಹುಡುಗಿ ಎದ್ದು ನಿಂತು, "ಅಂಕಲ್, ಡರ್ ನಹೀ ಲಗಾ?" ಹೆದರಿಕೆ ಆಗಲಿಲ್ಲವೇ ಎಂದು ಕೇಳಿದಳು.

ಇಲ್ಲ ಅಂದಿದ್ದರೆ ಮುಗಿದಿತ್ತು. ಅಣ್ಣ ಮೈಕನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ಆಮೇಲೆ, "ಲಗಾ. ಬಹುತ್ ಲಗಾ. ಆಂಖ್ ಬಂದ್ ಕರ್ ಲಿಯಾ ಮೈನೆ" ಎಂದರು; ಬಹಳ ಹೆದರಿಕೆ ಆಯಿತು, ಕಣ್ಣು ಮುಚ್ಚಿಕೊಂಡುಬಿಟ್ಟೆ ಎಂದು. ನನ್ನತ್ತ ಕೈ ತೋರಿಸಿ, "ಯೇ ಸಬ್ ಇಸ್ನೆ ದೇಖಾ," ಇದನ್ನೆಲ್ಲ ನೋಡಿದ್ದು ಇವನು, ಎಂದರು.

ಮೊದಲು ನಗೆ. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡರು. ಅಣ್ಣ ನಗದಿದ್ದದ್ದು ಕಂಡು ಇನ್ನಷ್ಟು ನಕ್ಕರು. ಮಂಡಳದವರು ನನ್ನನ್ನು ಹಿಡಿದು ಮೇಲೆ ಹತ್ತಿಸಿ, ಅವರಿಗೆಂದು ತಂದಿದ್ದ ಶಾಲು ನನಗೆ ಹೊದಿಸಿ, ಕೈಯಲ್ಲಿ ತೆಂಗಿನಕಾಯಿ ಇಟ್ಟರು. ನಾನು ಹೊದಿಸಿಕೊಂಡೆ. ಅಣ್ಣ ತಾವೂ ಚಪ್ಪಾಳೆ ತಟ್ಟಿದರು. ನಾವಿಬ್ಬರೂ ಕೆಳಗಿಳಿದು ಕೂತಾಗ ಮಗಳು ಅಪ್ಪನ ಪಕ್ಕದಿಂದೆದ್ದು ಬಂದು ನನಗೆ ಒತ್ತಿಕೊಂಡು ಕೂತಳು. "ಖರಂಚ ಕಾಸವ ಹೋತಂ ಕಾ, ಕಾಕಾ?" ಆಮೆ ನಿಜವಾಗಿಯೂ ಇತ್ತೇ ಎಂದು ಕೇಳಿದಳು. ಹೂಂ ಅಂದೆ.

ಥೂ, ಎಲ್ಲಿಯ ಆಮೆ! ಆ ಅಂಚಿನಲ್ಲಿ ಕೆಳಗೆ ನೋಡಿದ್ದೇ ನಾನೂ ಹೆದರಿಬಿಟ್ಟಿದ್ದೆ. ಅಣ್ಣನ ಮಾಸ್ಕು ಬಿಟ್ಟು ಬೇರೆ ಎತ್ತಲೂ ನಾನು ಕಣ್ಣು ಹೊರಳಿಸಿರಲಿಲ್ಲ. ಮೀನು, ಕೆಂಪು ಹವಳ, ಆಮೆ, ಎಲ್ಲವೂ ಕಲ್ಯಾಣ ಸ್ಟೇಷನ್ನಿನ ಹೊರಗೆ ಮಾರುತ್ತಿದ್ದ ಒಂದು ಕ್ಯಾಲೆಂಡರಿನವು.

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಅಣ್ಣ ಮೆಲ್ಲಗೆ, "ಆಮೆ ಇರ್ಲಿಲ್ಲ, ಅಲ್ವಾ?" ಎಂದರು.

"ಇಲ್ರಿ ಅಣ್ಣಾ."

"ಗೊತ್ತಿತ್ತು ಮಾರಾಯ. ನಿನ್ನ ಕೈ ನನ್ನ ಕೈಗಿಂತ ಜೋರಾಗಿ ನಡುಗ್ತಾ ಇತ್ತು."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಈಗ ಹೋಗಿ ಆಕಿಗೆ ಖರೇ ಹೇಳಿಬಿಡ್ತೀನ್ರಿ" ಎಂದೆ.

"ಬೇಡ. ಒಬ್ಬನಾದ್ರೂ ನೋಡಿದ್ದಾನೆ ಅಂತ ಇರ್ಲಿ ಅವ್ಳಿಗೆ. ನನ್ನ ಮರ್ಯಾದೆ ಹೋದದ್ದು ಹೋಯ್ತು, ನಿಂದೂ ಎಂತಕ್ಕೆ ಹೋಗ್ಬೇಕು?" ಎಂದು ಕೊಡ ಎತ್ತಿಕೊಂಡು ಹೋದರು.

ಆಮೇಲೆ ಹುಡುಗಿ ಸಂಜೆಗೆ ನಮ್ಮ ಖೋಲಿಗೆ ಬಂದು ಆಮೆಯ ಕತೆ ಕೇಳುವುದು ರೂಢಿಯಾಯಿತು. ಅಪ್ಪನ ಹತ್ತಿರ ಏನೂ ಕೇಳುತ್ತಿರಲಿಲ್ಲ. ನಾನು ಹೇಳುತ್ತಿದ್ದರೆ ಗೋಡೆಯಾಚೆ ಅಣ್ಣನ ಕೆಮ್ಮು ಕೇಳಿಸುತ್ತಿತ್ತು... ನಾನು ದನಿ ತಗ್ಗಿಸುತ್ತಿದ್ದೆ. ಕಿವಿ ಕೆಡುವವರೆಗೆ ಅವರು ಖಾಡಿಗೆ ಇಳಿಯುತ್ತಲೇ ಇದ್ದರು. ಈಗ ಅವರೂ ಇಲ್ಲ, ಆ ಚಾಳೂ ಇಲ್ಲ.

ಹೋದ ದೀಪಾವಳಿಗೆ ಆ ಹುಡುಗಿ, ಈಗ ತಲೆ ನರೆತ ಹೆಂಗಸು, ಟಿಟ್ವಾಳಾದಿಂದ ತನ್ನ ಮಗಳನ್ನು ಕರೆದುಕೊಂಡು ಬಂದಿದ್ದಳು. ಮಗಳು ಡೈವಿಂಗ್ ಕಲಿಯಲು ಅಂಡಮಾನಿಗೆ ಹೊರಟಿದ್ದಾಳಂತೆ. ಅವಳಿಂದ ನನ್ನ ಕಾಲು ಮುಟ್ಟಿಸಿ, "ಆಶೀರ್ವಾದ ಮಾಡಿ ಕಾಕಾ. ಅಜ್ಜನ ಹಾಗೆ ಹೆದರಿ ಕಣ್ಣು ಮುಚ್ಚೂದು ಬೇಡ, ನಿಮ್ಮ ಹಾಗೆ ಆಗ್ಲಿ" ಎಂದಳು.

ಅಣ್ಣ ಹೇಳಬೇಡ ಎಂದಿದ್ದರು, ನಿಜ. ಆದರೆ ನಾನು ಸುಮ್ಮನಿದ್ದದ್ದು ಅದಕ್ಕಲ್ಲ. ಇಡೀ ಚಾಳಿನ ಮುಂದೆ, ಹೆತ್ತ ಮಗಳ ಮುಂದೆ, ಹೆದರಿದೆ ಎಂದು ಹೇಳಿದ ಮನುಷ್ಯ ಅವರು. ನನಗೆ ನನ್ನ ಮನೆಯಲ್ಲೇ ಒಬ್ಬ ಹೆಂಗಸಿನ ಮುಂದೆ ಬಾಯಿ ಬರಲಿಲ್ಲ. "ಒಳ್ಳೇದಾಗ್ಲವ್ವಾ" ಎಂದೆ. ಚಹಾ ಕುಡಿದು ಹೋದರು.