ಕರಿಮಣಿ ಪೋಣಿಸುವ ಕೈ

ಕಾಪು ಪೇಟೆಯಲ್ಲಿ ಟೈಲರನೊಬ್ಬನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತು ನಾನು ಬಹಳ ವರ್ಷ ಕರಿಮಣಿ ಪೋಣಿಸಿದೆ. ಮಣಿ, ಹವಳ, ಚಿನ್ನದ ಗುಂಡು ಗಿರಾಕಿಗಳೇ ತರುತ್ತಿದ್ದರು. ದಾರ, ಮೇಣ, ಕಣ್ಣು ನನ್ನದು. ಉಡುಪಿಯ ಅಂಗಡಿಗಳಲ್ಲಿ ರೆಡಿಮೇಡ್ ಸರಗಳು ಬಂದ ಮೇಲೂ ಮಣಿಪಾಲದ ಹೆಂಗಸರು ಬಸ್ಸು ಹಿಡಿದು ನನ್ನಲ್ಲಿಗೇ ಬರುತ್ತಿದ್ದರು. ನಾನು ಹಾಕಿದ ಗಂಟು ಬಿಚ್ಚಿಕೊಳ್ಳುವುದಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ.

ಹಳೆಯ ದಾರ ತೆಗೆದು ಹೊಸದಕ್ಕೆ ಪೋಣಿಸುವಷ್ಟು ಹೊತ್ತೂ ಮುತ್ತೈದೆಯ ಕೊರಳು ಬರಿದಾಗಿರಬಾರದು. ಹಾಗಾಗಿ ಅರಿಶಿನದ ದಾರವೊಂದನ್ನು ಕಟ್ಟಿಕೊಂಡು ಅವರು ನನ್ನೆದುರು ಚಾಪೆಯ ಮೇಲೆ ಕಾಯುತ್ತಿದ್ದರು. ಕುಳಿತ ಮೇಲೆ ಮಾತೆಲ್ಲ ಗಂಡಂದಿರದೇ. ಒಬ್ಬಳ ಗಂಡನಿಗೆ ಸಾರಿಗೆ ಉಪ್ಪು ಸಾಲದು, ಇನ್ನೊಬ್ಬಳ ಗಂಡನದು ಗೊರಕೆ. ಕೊನೆಗೆ ನನ್ನ ಕಡೆ ತಿರುಗಿ, "ನಿಮ್ಮವರ ಕಾಗದ ಬಂತಾ?" ಎನ್ನುತ್ತಿದ್ದರು.

ನನ್ನವರು ಬೊಂಬಾಯಿಯ ಹೋಟೆಲೊಂದರಲ್ಲಿದ್ದರು. ನಮ್ಮ ಮದುವೆ ಎರಡೂ ಮನೆಯವರಿಗೆ ಬೇಡವಾಗಿತ್ತು. ನನ್ನವರಿಗೆ ನಾನು, ನನಗೆ ಅವರು, ಅಷ್ಟೆ. ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಅವರ ಜೊತೆ ಕೆಲಸಕ್ಕಿದ್ದವನೊಬ್ಬ ಕಾಗದ ಬರೆದ: ಜ್ವರ ಬಂತು, ಆಸ್ಪತ್ರೆಗೆ ಸೇರಿಸಿದೆವು, ಉಳಿಯಲಿಲ್ಲ, ಕಾರ್ಯವೆಲ್ಲ ನಾವೇ ಮುಗಿಸಿದೆವು. ಕಾಗದ ನನ್ನ ಕೈಗೆ ಸಿಗುವಾಗ ಅವರು ಹೋಗಿ ಹದಿನೆಂಟು ದಿನ ಕಳೆದಿತ್ತು. ಆ ಹದಿನೆಂಟು ದಿನವೂ ನಾನು ಕುಂಕುಮ ಇಟ್ಟುಕೊಂಡಿದ್ದೆ.

ಚಾಪೆಯ ಮೇಲೆ ಕಾರ್ಕಳದ ಮದುಮಗಳೊಬ್ಬಳ ಸರ ಅರ್ಧ ಆಗಿತ್ತು. ಗಂಡ ಸತ್ತವಳು ಪೋಣಿಸಿದ ಕರಿಮಣಿಯನ್ನು ಯಾವ ತಾಯಿ ಮಗಳ ಕೊರಳಿಗೆ ಹಾಕಿಸುತ್ತಾಳೆ? ನನ್ನ ಕೈಗುಣ ಒಳ್ಳೆಯದೆಂದು ಬರುವ ಜನ. ನಾನು ಬಾಯಿಬಿಟ್ಟರೆ ನಾಳೆಯಿಂದ ನನ್ನ ಒಲೆ ಉರಿಯುವುದಿಲ್ಲ. ಕಾಗದವನ್ನು ಅಕ್ಕಿ ಡಬ್ಬಿಯ ಅಡಿಯಲ್ಲಿಟ್ಟು ಸರ ಮುಗಿಸಿದೆ. ಅಳಲಿಲ್ಲ. ಟೈಲರನ ಮಿಷನ್ನು ನಿಂತಾಗ ನಾನು ಕೆಮ್ಮಿದ್ದೂ ಗೋಡೆಯಾಚೆ ಕೇಳಿಸುತ್ತಿತ್ತು.

ಹೀಗೆ ಮೂರು ವರ್ಷ. "ಕಾಗದ ಬಂತು, ಚೆನ್ನಾಗಿದ್ದಾರಂತೆ" ಎಂದು ಸುಳ್ಳು ಹೇಳಿ ಹೇಳಿ, ಒಮ್ಮೆ ಅವರಿಗೆ ಬಡ್ತಿಯನ್ನೂ ಕೊಡಿಸಿಬಿಟ್ಟೆ. ಪೇಟೆಯಲ್ಲಿ ಯಾರ ಮನೆಯಲ್ಲಾದರೂ ಸಾವಾದರೆ ಮೊದಲು ಓಡುತ್ತಿದ್ದವಳು ನಾನೇ. ಅಲ್ಲಿ ಅತ್ತರೆ ಯಾಕೆಂದು ಯಾರೂ ಕೇಳುವುದಿಲ್ಲವಲ್ಲ. ಆಮೇಲೆ ಕೋಣೆಗೆ ಬಂದು ಒಬ್ಬಳಿಗಾಗುವಷ್ಟು ಗಂಜಿ ಇಡುತ್ತಿದ್ದೆ.

ವರ್ಷಕ್ಕೊಮ್ಮೆ ದಾರ ಬದಲಿಸಲು ಬೆಳ್ಮಣ್ಣಿನಿಂದ ಒಬ್ಬರು ಬರುತ್ತಿದ್ದರು. ವಯಸ್ಸಿನಲ್ಲಿ ದೊಡ್ಡವರು, ಅಕ್ಕ ಎನ್ನುತ್ತಿದ್ದೆ. ಒಂದು ಮಧ್ಯಾಹ್ನ ಅವರದನ್ನು ಪೋಣಿಸುತ್ತಿದ್ದಾಗ ನನ್ನ ಕೊರಳಿನ ದಾರವೇ ಕಡಿದು ಮಣಿಗಳೆಲ್ಲ ನೆಲಕ್ಕೆ ಬಿದ್ದವು. ಊರಿಗೆಲ್ಲ ಪೋಣಿಸುವವಳು ತನ್ನದನ್ನು ನೋಡಿಕೊಂಡಿರಲಿಲ್ಲ. "ಅಯ್ಯೋ ದೇವರೇ!" ಎಂದು ಗಡಿಬಿಡಿಯಲ್ಲಿ ಅರಿಶಿನದ ದಾರಕ್ಕೆ ಕೈ ಹಾಕಿದೆ. ಅಕ್ಕ ನನ್ನ ಕೈ ಹಿಡಿದರು.

"ಸಾಕು ಮಾರಾಯ್ತಿ. ಇನ್ನು ಯಾರಿಗೆ ಅಂತ ಕಟ್ಟಿಕೊಳ್ತಿ?"

ನಾನು ದಾರ ಬಿಡದೆ ಅವರ ಮುಖ ನೋಡಿದೆ.

"ನನ್ನ ತಮ್ಮ ಅದೇ ಹೋಟೆಲಿಗೆ ಸೇರಿದ್ದಾನೆ. ಊರಿಗೆ ಬಂದಾಗ ಹೇಳಿದ. ಎರಡು ವರ್ಷದಿಂದ ನನಗೆ ಗೊತ್ತುಂಟು."

ಸಮಾಧಾನ ಆಗಬೇಕಿತ್ತು. ಬಂದದ್ದು ಕೋಪ. "ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತಿದ್ರಾ? ಎರಡು ವರ್ಷ! ನಾನಿಲ್ಲಿ ಒಬ್ಬಳೇ ಸಾಯ್ತಾ ಇದ್ದೆ!" ಎಂದು ಕಿರುಚಿದೆ. ಆಚೆ ಮಿಷನ್ನು ನಿಂತಿತು.

"ನಾನು ಎಂತ ಹೇಳಲಿ? ನೀನು ಪ್ರತಿ ಸಲ ಚೆನ್ನಾಗಿದ್ದಾರೆ ಅಂತಿದ್ದಿ. ಹೇಳಿದ್ರೆ ನಿನ್ನ ಹೊಟ್ಟೆಯ ಮೇಲೆ ಹೊಡೆದ ಹಾಗೆ ಅಲ್ವಾ?"

ಆಗ ನಾನು ಅತ್ತುಬಿಟ್ಟೆ. ನನ್ನ ಗಂಡನ ಹೆಸರು ಹಿಡಿದು ಅತ್ತದ್ದು ಅದೇ ಮೊದಲು. ಪೇಟೆಗೆಲ್ಲ ಕೇಳಿಸಿರಬೇಕು. ಮುಂದಿನ ವಾರದಿಂದ ಮಣಿಪಾಲದವರು ಬರಲಿಲ್ಲ, ಕಾರ್ಕಳದವರೂ ಬರಲಿಲ್ಲ. ಆಮೇಲೆ ನಾನು ಮಕ್ಕಳ ಮುತ್ತಿನ ಸರ, ಹವಳದ ಬಳೆ ಪೋಣಿಸಿ ಬದುಕಿದೆ.

ಆದರೆ ಆ ಮಧ್ಯಾಹ್ನ ಅಕ್ಕನ ಸರ ಇನ್ನೂ ಅರ್ಧವೇ ಆಗಿತ್ತು. ಕಣ್ಣೊರೆಸಿಕೊಂಡು, "ಇದನ್ನು ಬೇರೆ ಯಾರ ಹತ್ತಿರವಾದರೂ ಮುಗಿಸಿಕೊಳ್ಳಿ" ಎಂದು ಅವರ ಮುಂದೆ ಚಾಚಿದೆ. ಅವರು ಕೈ ಮುಂದೆ ಮಾಡಲಿಲ್ಲ. ಕೊನೆಗೆ ನಾನೇ ಮುಗಿಸಿ ಗಂಟು ಹಾಕಿದೆ.

ಅಕ್ಕ ನನ್ನ ಹತ್ತಿರಕ್ಕೆ ಸರಿದು ತಲೆ ಬಗ್ಗಿಸಿದರು.

"ನೀನೇ ಹಾಕು" ಎಂದರು.